ಕಡಲ ದಡದಲ್ಲಿ ಓಡಲು ಹೊರಟವರು ಶಿರಾಡಿಯಲ್ಲಿ ಕೂತರು

ಸಂಪಾದಕರಿಗೆ,

ಶುಕ್ರವಾರ ರಾತ್ರಿ ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಪಲ್ಟಿಯಾದ ಸುದ್ದಿ ನಿಮ್ಮ ಭಾನುವಾರದ ಪತ್ರಿಕೆಯಲ್ಲಿ ಬಂದಿದೆ. ಬೆಳಗಿನ ಜಾವದ ಹೊತ್ತಿಗೆ ಸಂಚಾರ ಸುಗಮವಾಯಿತು ಎಂದು ಅಧಿಕಾರಿಗಳು ಹೇಳಿದ್ದಾರಂತೆ. ಇದು ಸುಳ್ಳು. ಬೆಳಿಗ್ಗೆ ಎಂಟೂವರೆಗೆ ನಾವು ಇನ್ನೂ ಮಾರನಹಳ್ಳಿಯಿಂದ ಸ್ವಲ್ಪ ಕೆಳಗೆ, ನಿಂತಲ್ಲೇ ನಿಂತಿದ್ದೆವು. ಹೇಳಿಕೆ ಕೊಟ್ಟವರು ಆ ಹೊತ್ತಿಗೆ ಅಲ್ಲಿಗೆ ಬಂದಿದ್ದರೆ ನಾವೇ ತೋರಿಸುತ್ತಿದ್ದೆವು.

ನಾವು ಅಂದರೆ ಹಾಸನದ ಓಟಗಾರರ ಒಂದು ಸಣ್ಣ ಗುಂಪು. ಪದಕಕ್ಕೆ ಓಡುವವರಲ್ಲ. ಬ್ಯಾಂಕಿನವರಿದ್ದಾರೆ, ಮೇಷ್ಟ್ರಿದ್ದಾರೆ, ಕಾಫಿ ತೋಟದವರೊಬ್ಬರಿದ್ದಾರೆ, ನನ್ನಂಥ ಗೃಹಿಣಿಯರಿದ್ದೇವೆ. ಹೆಚ್ಚಿನವರಿಗೆ ನಲವತ್ತು ದಾಟಿದೆ. ಬಿಪಿ, ಶುಗರ್, ಮಂಡಿ ನೋವು ಎಂದು ಡಾಕ್ಟರ ಹತ್ತಿರ ಹೋಗಿ, ನಡೆಯಲು ಶುರು ಮಾಡಿ, ಆಮೇಲೆ ಓಡಲು ಕಲಿತವರು. ಕಾಪು ಕಡೆಯ ಸಮುದ್ರ ದಡದಲ್ಲಿ ನಮ್ಮಂಥ ವಯಸ್ಸಿನವರಿಗೆಂದೇ ವಾರಾಂತ್ಯದ ಶಿಬಿರ ಇತ್ತು. ಮರಳಿನ ಮೇಲೆ ಓಟ, ಪಾದ ಮತ್ತು ಮೀನಖಂಡ ಗಟ್ಟಿ ಮಾಡುವ ವ್ಯಾಯಾಮ, ಯೋಗ, ಗಂಜಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ. ನಲವತ್ತು ದಾಟಿದವರು ಇಸಿಜಿ ಮಾಡಿಸಿ, ಡಾಕ್ಟರ ಚೀಟಿ ತರಲೇಬೇಕು ಎಂದಿದ್ದರು. ಎಲ್ಲರೂ ಮಾಡಿಸಿಕೊಂಡು, ಮೊದಲೇ ದುಡ್ಡು ಕಟ್ಟಿ, ಶುಕ್ರವಾರ ಆಫೀಸು ಮುಗಿಸಿ ಸಂಜೆ ಏಳಕ್ಕೆ ಟೆಂಪೊದಲ್ಲಿ ಹೊರಟೆವು. ನಡುರಾತ್ರಿಗೆ ಮುಂಚೆ ತಲುಪಿ ಮಲಗುವುದು ಎಂದು ಲೆಕ್ಕ.

ಶನಿವಾರ ಬೆಳಗಿನ ಓಟವೇ ಶಿಬಿರದ ಮುಖ್ಯ ಭಾಗ. ಅದು ಯಾಕೆ ಎಂದು ಹೇಳಬೇಕು, ಇಲ್ಲದಿದ್ದರೆ ಒಂದು ಓಟ ತಪ್ಪಿದ್ದಕ್ಕೆ ಇಷ್ಟು ಕೂಗಾಟವೇ ಎಂದು ಓದುಗರಿಗೆ ಅನ್ನಿಸಬಹುದು. ಸಮುದ್ರದ ನೀರು ಇಳಿದ ಹೊತ್ತಿನಲ್ಲಿ ದಡದ ಒದ್ದೆ ಮರಳು ಗಟ್ಟಿಯಾಗಿ, ಅಗಲವಾಗಿ, ಹೆಚ್ಚುಕಮ್ಮಿ ಸಮತಟ್ಟಾಗಿ ಸಿಗುತ್ತದೆ. ಮಂಡಿಗೆ ಪೆಟ್ಟು ಕಡಿಮೆ. ಉಬ್ಬರದ ಹೊತ್ತಿನಲ್ಲಿ ಉಳಿಯುವುದು ಮೇಲಿನ ಒಣ ಮರಳು ಮಾತ್ರ. ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಜೊತೆಗೆ ದಡ ಇಳಿಜಾರು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಬಿದ್ದು ಹಿಮ್ಮಡಿ ಹಿಡಿದುಕೊಳ್ಳುತ್ತದೆ. ಇನ್ನು ಸೆಖೆ. ಹಾಸನದ ತಂಪು ಗಾಳಿಯಲ್ಲಿ ಓಡಿ ಅಭ್ಯಾಸ ಇರುವ ನಮಗೆ ಅಲ್ಲಿ ಬೆವರು ಆರುವುದೇ ಇಲ್ಲ, ಎದೆಬಡಿತ ಬೇಗ ಏರುತ್ತದೆ. ಅದಕ್ಕೇ ಬಿಸಿಲು ಏರುವ ಮುಂಚೆ, ನೀರು ಇಳಿದಿರುವಾಗ, ನಿದ್ದೆ ಮಾಡಿ ಎದ್ದ ಮೈಯಲ್ಲಿ ಓಡಬೇಕು. ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ನೀರು ಇಳಿಯುತ್ತಿತ್ತು. ದಿನದಿಂದ ದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸಮುದ್ರಕ್ಕೆ ನಮ್ಮ ಹೆದ್ದಾರಿಯವರ ಕಥೆ ಗೊತ್ತಿಲ್ಲ, ಕಾಯುವುದಿಲ್ಲ.

ಆ ಹೊತ್ತಿಗೆ ನಾವು ಎಲ್ಲಿದ್ದೆವು? ಡೀಸೆಲ್ ಹೊಗೆಯ ನಡುವೆ, ಸೀಟಿನಲ್ಲಿ ಮಡಚಿಕೊಂಡು ಕೂತಿದ್ದೆವು. ಫೋನಿಗೆ ಸಿಗ್ನಲ್ ಇಲ್ಲ. ಮುಂದೆ ಏನಾಗಿದೆ ಎಂದು ಹೇಳುವವರಿಲ್ಲ. ಸಕಲೇಶಪುರದಲ್ಲೇ ಒಬ್ಬರು ನಿಂತು, ಘಾಟಿ ಬಂದ್ ಆಗಿದೆ, ಚಾರ್ಮಾಡಿ ಕಡೆ ಹೋಗಿ ಎಂದಿದ್ದರೆ ಸಾಕಿತ್ತು. ಮಾರನಹಳ್ಳಿಯಲ್ಲಿ ಹೇಳಿದ್ದರೂ ತಿರುಗಿಸಿಕೊಂಡು ಹೋಗುತ್ತಿದ್ದೆವು. ಟ್ಯಾಂಕರ್ ಬಿದ್ದು ಗಂಟೆಗಳಾದ ಮೇಲೂ ಹಿಂದಿನಿಂದ ಲಾರಿ, ಬಸ್ಸು ಬಿಡುತ್ತಲೇ ಇದ್ದರು. ಆಮೇಲೆ ತಿರುಗಿಸಲು ಜಾಗ ಎಲ್ಲಿ? ಹೆಂಗಸರ ಕಷ್ಟವನ್ನಂತೂ ಕೇಳಲೇಬೇಡಿ. ಅಷ್ಟು ಉದ್ದದ ಘಾಟಿಯಲ್ಲಿ ನಾವಿದ್ದ ಕಡೆ ಒಂದು ಶೌಚಾಲಯ ಇಲ್ಲ. ಒಬ್ಬರಿಗೊಬ್ಬರು ಟಾರ್ಚ್ ಹಿಡಿದು ಕತ್ತಲೆಯಲ್ಲಿ ಇಳಿದೆವು. ವಾಪಸ್ ಬಂದಾಗ ಕಾಲಿಗೆಲ್ಲ ಇಂಬಳ.

ನಮ್ಮ ಹಿಂದೆ ಒಂದು ಆಂಬುಲೆನ್ಸ್ ಇತ್ತು. ಹಾಸನದಿಂದ ಮಂಗಳೂರಿಗೆ ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದರು. ಆಕೆಯ ಮಗ ಕೆಳಗಿಳಿದು ಪ್ರತಿ ಲಾರಿಯ ಹತ್ತಿರ ಹೋಗಿ ಕೈಮುಗಿಯುತ್ತಿದ್ದ. ‘ಅಣ್ಣ, ಸ್ವಲ್ಪ ಪಕ್ಕಕ್ಕೆ ತಗೊಳ್ಳಿ, ಅಮ್ಮ ಇದ್ದಾರೆ’ ಎನ್ನುತ್ತಿದ್ದ. ಅವನ ಒಂದು ಕಾಲಿನ ಚಪ್ಪಲಿ ಕಿತ್ತುಹೋಗಿತ್ತು, ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ನಮ್ಮ ಗುಂಪಿನವರು ಇಳಿದು, ಡ್ರೈವರ್‌ಗಳನ್ನು ಎಬ್ಬಿಸಿ, ಒಂದೊಂದೇ ಗಾಡಿ ಸರಿಸಿ ದಾರಿ ಮಾಡಿದರು. ಸಮುದ್ರ ದಡದಲ್ಲಿ ಓಡಲು ತಂದ ಶೂಗಳಲ್ಲಿ ಘಾಟಿ ರಸ್ತೆಯ ಕೆಸರಿನಲ್ಲಿ ಓಡಾಡಿದರು. ಅಷ್ಟು ಹೊತ್ತೂ ಸಮವಸ್ತ್ರದವರು ಒಬ್ಬರೂ ಕಾಣಲಿಲ್ಲ. ಮಂತ್ರಿಗಳು ಬರುತ್ತಾರೆ ಎಂದರೆ ಅರ್ಧ ಗಂಟೆಯಲ್ಲಿ ಝೀರೋ ಟ್ರಾಫಿಕ್ ಮಾಡಲು ಬರುತ್ತದೆ. ಆ ಅಜ್ಜಿಗೆ ಮಾಡಲು ಬರುವುದಿಲ್ಲ, ಅಲ್ವಾ?

ಮಳೆ ನೆಪವೂ ಈ ಸಲ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆಯಿತು, ಒಪ್ಪೋಣ. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಕುಸಿಯಿತು. ಅದೇ ತಿಂಗಳು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ನಿಂತಿತು. ಪ್ರತಿ ಸಲ ಯಾರಾದರೂ ಬಂದು ನೋಡುತ್ತಾರೆ, ಸುರಂಗ ಮಾರ್ಗದ ಮಾತಾಡುತ್ತಾರೆ, ಹೋಗುತ್ತಾರೆ. ರೈಲಿನಲ್ಲೇ ಹೋಗಬಹುದಿತ್ತಲ್ಲ ಎನ್ನುವವರಿಗೆ ಹೇಳುತ್ತೇನೆ, ವಾರಾಂತ್ಯದಲ್ಲಿ ನಮ್ಮಷ್ಟು ಜನಕ್ಕೆ ಒಟ್ಟಿಗೆ ಸೀಟು ಸಿಗುವುದಿಲ್ಲ. ಈ ರೈಲು ಮಾರ್ಗದ್ದೂ ಇದೇ ಹಣೆಬರಹ. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆ ಎಂದು ಮುಚ್ಚಿದರು. ಜನ ಮತ್ತೆ ರೈಲು ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ. ಒಂದು ತಲೆಮಾರಿನ ಮಕ್ಕಳು ಈ ದಾರಿಯಲ್ಲಿ ರೈಲನ್ನೇ ನೋಡದೆ ಬೆಳೆದರು.

ಓಡಲು ಸಮುದ್ರಕ್ಕೇ ಯಾಕೆ ಹೋಗಬೇಕು, ಊರಲ್ಲೇ ಓಡಿ ಎಂದು ಸಂಬಂಧಿಕರೊಬ್ಬರು ಹೇಳಿದರು. ಅದೇ ನನ್ನ ಸಿಟ್ಟು. ಊರಲ್ಲಿ ಎಲ್ಲಿ ಓಡುವುದು? ಬೆಳಿಗ್ಗೆ ಐದಕ್ಕೆ ರಿಂಗ್ ರೋಡಿನಲ್ಲಿ ದೀಪ ಉರಿಯುವುದಿಲ್ಲ. ಬಿ.ಎಂ. ರಸ್ತೆಯ ಫುಟ್‌ಪಾತ್ ಮೇಲೆ ಬೈಕು ನಿಂತಿರುತ್ತವೆ. ಕೆರೆ ಏರಿಯ ಮೇಲೆ ಹೋದರೆ ನಾಯಿ ಹಿಂಡು. ಮೈದಾನಕ್ಕೆ ಹೋದರೆ ಯಾವುದೋ ಸಮಾರಂಭದ ಶಾಮಿಯಾನ, ಗೇಟಿಗೆ ಬೀಗ. ಅರ್ಜಿ ಹಿಡಿದು ಹೋದಾಗ ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ಮಾತ್ರ ಗುಂಡಿ ಮುಚ್ಚುತ್ತಾರೆ, ಬೀದಿ ತುಂಬ ದೀಪ ಹಾಕುತ್ತಾರೆ. ಬಾಗಿಲು ಹಾಕಿದ ಮೇಲೆ ವರ್ಷವಿಡೀ ನಾವು ಕತ್ತಲೆಯಲ್ಲಿ ಇರಬೇಕೇ? ಊರಿನವರು ಎಂದರೆ ಅಷ್ಟು ಅಗ್ಗವೇ?

2025ರ ಮೇ, ಜೂನ್ ತಿಂಗಳು ಯಾರೂ ಮರೆತಿಲ್ಲ. ಹಾಸನದಲ್ಲಿ ಹೃದಯಾಘಾತದ ಸಾವು ಎಂದು ದಿನಾ ಸುದ್ದಿ. ಚಿಕ್ಕ ವಯಸ್ಸಿನವರು. ಎದೆಯಲ್ಲಿ ಚುರ್ ಎಂದರೂ ಜನ ಇಸಿಜಿಗೆ ಓಡಿದರು, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವು ಅಸಹಜವಾಗಿ ಜಾಸ್ತಿಯಾಗಿಲ್ಲ ಎಂದು ವರದಿ ಬಂತು. ಆಗ ವೇದಿಕೆ ಹತ್ತಿದವರೆಲ್ಲ ಹೇಳಿದ್ದು ಒಂದೇ ಮಾತು, ಸಿಗರೇಟು ಬಿಡಿ, ನಡೆಯಿರಿ, ವ್ಯಾಯಾಮ ಮಾಡಿ. ನಾವು ಕೇಳಿದೆವು. ಎದ್ದು ನಡೆದೆವು, ಓಡಿದೆವು. ಹೇಳಿದವರು ಅದಕ್ಕೊಂದು ಬೆಳಕಿರುವ ದಾರಿ ಮಾಡಿಕೊಟ್ಟರೇ?

ಕೊನೆಗೆ ಶಿಬಿರ ತಲುಪಿದ್ದು ಶನಿವಾರ ಮಧ್ಯಾಹ್ನ. ಕಾಲು ಊದಿತ್ತು, ಸೊಂಟ ಹಿಡಿದಿತ್ತು. ನಿದ್ದೆಯಿಲ್ಲದ ಮೈಯಲ್ಲಿ ಓಡಿಸುವುದಿಲ್ಲ ಎಂದು ತರಬೇತಿ ಕೊಡುವವರು ಮಲಗಲು ಕಳಿಸಿದರು. ಅವರು ಮಾಡಿದ್ದು ಸರಿ. ಆದರೆ ತಪ್ಪಿದ ಅರ್ಧ ದಿನದ ದುಡ್ಡು ವಾಪಸ್ ಇಲ್ಲ ಎಂದರು, ಅದಕ್ಕೆ ಯಾರನ್ನು ಕೇಳುವುದು? ಭಾನುವಾರ ಒಂದು ಓಟ ಸಿಕ್ಕಿತು. ಗಟ್ಟಿ ಮರಳಿನ ಮೇಲೆ, ನಾಯಿ ಇಲ್ಲ, ಲಾರಿ ಇಲ್ಲ. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ಮಂಡಿ ನೋವಿಲ್ಲದೆ ಪೂರ್ತಿ ಓಡಿದರು. ಇಂಥದ್ದು ಮನುಷ್ಯರಿಗೆ ಬೇಕು ಸ್ವಾಮಿ, ಇದು ಶೋಕಿ ಅಲ್ಲ.

ಘಾಟಿಯ ಎರಡೂ ತುದಿಯಲ್ಲಿ ಕ್ರೇನ್ ಇಡಿ, ಬಂದ್ ಆದರೆ ಸಕಲೇಶಪುರದಲ್ಲೇ ತಡೆದು ಹೇಳಿ. ಊರಲ್ಲಿ ಓಡಲು ಜಾಗ ಕೊಡಿ, ದೀಪ ಹಾಕಿ. ಸಂಬಂಧಪಟ್ಟವರು ಏನಾದರೂ ಮಾಡಲೇಬೇಕು. ಯಾರು ಸಂಬಂಧಪಟ್ಟವರು ಎಂದು ಮೊದಲು ಅವರೇ ತೀರ್ಮಾನ ಮಾಡಿಕೊಳ್ಳಲಿ. ಹೆದ್ದಾರಿ ಸಹಾಯಕ್ಕೆಂದು ಬೋರ್ಡಿನಲ್ಲಿ ನಂಬರ್ ಬರೆದಿದ್ದಾರೆ. ಸಿಗ್ನಲ್ ಸಿಗುವ ಜಾಗಕ್ಕೆ ನಡೆದುಕೊಂಡು ಹೋಗಿ ಮಾಡಿದರೂ ಅದನ್ನು ಎತ್ತುವವರಿಲ್ಲ. ಸಂಬಳ ಎಣಿಸುವವರಿಗೆ ಫೋನ್ ಎತ್ತಲು ಏನು ಧಾಡಿ?

– ಒಬ್ಬ ಓಟಗಾರ್ತಿ, ವಿದ್ಯಾನಗರ, ಹಾಸನ