ಕುರಿಗಳ ಕೂಗು ಕಿವಿಗೆ ಬಿದ್ದ ಮೇಲೆ

ಪ್ರೀತಿಯ ಗೆಳತಿ,

ನಿನ್ನ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ಉಸಿರಿಗೆ, ಎರಡನೇ ಸಲ ಪಕ್ಕದಲ್ಲಿ ಬೈಬಲ್ ತೆರೆದಿಟ್ಟುಕೊಂಡು. ಸಮುವೇಲನ ಮೊದಲನೆಯ ಗ್ರಂಥದ 15ನೇ ಅಧ್ಯಾಯ ಓದಿದ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿದ್ದೀಯ. ಬರುವುದಾದರೂ ಹೇಗೆ? ಇಸ್ರಾಯೇಲರ ಹಗೆಗಳಾದ ಅಮಾಲೇಕ್ಯರನ್ನು ಹೊಡೆ, ಕನಿಕರಿಸಬೇಡ, ಗಂಡಸು ಹೆಂಗಸು, ಮಕ್ಕಳು ಮೊಲೆಗೂಸು, ದನ ಕುರಿ, ಒಂಟೆ ಕತ್ತೆ ಎಲ್ಲವನ್ನೂ ಕೊಲ್ಲು ಎಂದು ದೇವರ ಹೆಸರಿನಲ್ಲಿ ಪ್ರವಾದಿಯೊಬ್ಬ ರಾಜನಿಗೆ ಹೇಳುತ್ತಾನೆ. ಆದರೆ ಆ ಅಧ್ಯಾಯದಲ್ಲಿ ನಿನ್ನ ಹಾಗೆಯೇ ನಿದ್ದೆಗೆಟ್ಟವನು ಒಬ್ಬನಿದ್ದಾನೆ, ಅವನನ್ನು ನೀನು ಗಮನಿಸಿಲ್ಲ. ಆಜ್ಞೆಯನ್ನು ತಂದ ಸಮುವೇಲನೇ ಅವನು. 11ನೇ ವಚನ ನೋಡು: ಸಮುವೇಲ ಕುದಿದುಹೋದ, ರಾತ್ರಿಯೆಲ್ಲ ಯೆಹೋವನಿಗೆ ಮೊರೆಯಿಟ್ಟ. ಯಾರ ಮೇಲೆ ಆ ಸಿಟ್ಟು? ಅಮಾಲೇಕ್ಯರ ರಾಜನನ್ನೂ ಒಳ್ಳೆಯ ಕುರಿದನಗಳನ್ನೂ ಉಳಿಸಿಕೊಂಡು ಮಾತು ಮೀರಿದ ರಾಜ ಸೌಲನ ಮೇಲೋ, ಸೌಲನನ್ನು ಕೈಬಿಟ್ಟ ದೇವರ ಮೇಲೋ? ಕಥೆ ಹೇಳುವವನು ಬಾಯಿ ಬಿಡುವುದಿಲ್ಲ. ಅವನು ಬಾಯಿ ಬಿಡದ ಜಾಗಗಳಲ್ಲೇ ನಿನ್ನ ಕೆಲಸ ಇರುವುದು.

ನಿನ್ನ ಕರಡಿನ ಮೊದಲ ಪ್ಯಾರಾದಲ್ಲೇ ತೀರ್ಪು ಬಂದುಬಿಟ್ಟಿದೆ: "ಹಳೆ ಒಡಂಬಡಿಕೆಯ ದೇವರು ಕ್ರೂರಿ." ಕೊನೆಯ ಪ್ಯಾರಾದಲ್ಲಿ ಸಮಾಧಾನವೂ ಬಂದಿದೆ: "ಆ ಕಾಲವೇ ಹಾಗಿತ್ತು." ಈ ಎರಡರ ನಡುವೆ ಹದಿನೆಂಟು ಪುಟಗಳಿವೆ. ಶುರುವಿನಲ್ಲೇ ತೀರ್ಪು ಕೊಟ್ಟವಳಿಗೆ ಸಾಕ್ಷಿ ಕೇಳುವ ತಾಳ್ಮೆ ಉಳಿದಿಲ್ಲ. ಇದನ್ನು ಬೈಯುವುದಕ್ಕೆ ಹೇಳುತ್ತಿಲ್ಲ, ನಾನೂ ಇದನ್ನೇ ಮಾಡಿದ್ದೆ. ಮೂವತ್ತರ ಹರೆಯದಲ್ಲಿ ಅಬ್ರಹಾಮನ ಬಗ್ಗೆ ಒಂದು ಲೇಖನ ಬರೆದೆ. ಮಗನನ್ನು ಬಲಿ ಕೊಡು ಎಂದ ತಕ್ಷಣ ಕತ್ತೆಗೆ ತಡಿ ಹಾಕಿದ ಮನುಷ್ಯನನ್ನು ವಿಶ್ವಾಸಿಗಳ ತಂದೆ ಎಂದು ಕರೆಯುವುದು ಹೇಗೆ ಎಂಬುದು ಅದರ ಧಾಟಿ. ಚಪ್ಪಾಳೆಯೇನೋ ಸಿಕ್ಕಿತು. ತಿಂಗಳೊಂದು ಕಳೆದ ಮೇಲೆ ವಯಸ್ಸಾದ ಪಾದ್ರಿಯೊಬ್ಬರು ಮನೆಗೆ ಬಂದರು. ಚಹಾ ಕುಡಿದು, ಲೋಟ ಕೆಳಗಿಟ್ಟು, "ನೀವು ಆದಿಕಾಂಡದ 22ನೇ ಅಧ್ಯಾಯ ಚೆನ್ನಾಗಿ ಓದಿದ್ದೀರಿ. 18ನೇದನ್ನು ಓದಿ" ಅಂದರು. ಅಷ್ಟೇ ಹೇಳಿ ಹೊರಟುಹೋದರು.

ಓದಿದೆ. ಸೊದೋಮ್ ಊರನ್ನು ಸುಡುತ್ತೇನೆ ಎಂದು ದೇವರು ಹೊರಟಾಗ ಅದೇ ಅಬ್ರಹಾಮ ದಾರಿಗೆ ಅಡ್ಡ ನಿಲ್ಲುತ್ತಾನೆ. ಊರಲ್ಲಿ 50 ಮಂದಿ ನೀತಿವಂತರಿದ್ದರೆ? 45 ಇದ್ದರೆ? 40, 30, 20, ಕೊನೆಗೆ 10 ಇದ್ದರೆ? ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಒಂದೊಂದೇ ಮೆಟ್ಟಿಲು ಇಳಿಸುತ್ತಾನೆ. ಲೋಕಕ್ಕೆಲ್ಲ ನ್ಯಾಯ ಹೇಳುವವನು ತಾನೇ ನ್ಯಾಯ ತಪ್ಪಬಹುದೇ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾನೆ. ಗುರುತೇ ಇಲ್ಲದವರಿಗಾಗಿ ಇಷ್ಟು ವಾದಿಸಿದವನು ಸ್ವಂತ ಮಗನ ವಿಷಯದಲ್ಲಿ ಒಂದು ಮಾತೂ ಆಡದೆ ಬೆಳಗಿನ ಜಾವ ಎದ್ದು ಸೌದೆ ಸೀಳುತ್ತಾನೆ. ನಾಲ್ಕೇ ಅಧ್ಯಾಯಗಳ ಅಂತರದಲ್ಲಿ ಈ ಮಾತು ಮತ್ತು ಈ ಮೌನ. ನನ್ನ ಲೇಖನದಲ್ಲಿ ಮೌನ ಮಾತ್ರ ಇತ್ತು. ಮಾತು ಗೊತ್ತಿದ್ದರೆ ಮೌನ ಇನ್ನೂ ಭಯಂಕರವಾಗಿ ಕೇಳುತ್ತಿತ್ತು, ನನ್ನ ಪ್ರಶ್ನೆಗೂ ಹರಿತ ಬರುತ್ತಿತ್ತು.

ಸಿರಿಯಾಳನ ಕಥೆ ಕೇಳಿ ಬೆಳೆದ ನಮಗೆ ಅಬ್ರಹಾಮ ಮಗನನ್ನು ಬಲಿಗೆ ಒಯ್ದ ಮೋರೀಯ ಬೆಟ್ಟ ತೀರಾ ಅಪರಿಚಿತವಲ್ಲ. ಆದರೆ ನಮ್ಮಲ್ಲೂ ಇದೆ, ಅವರಲ್ಲೂ ಇದೆ ಎಂದು ಒಂದು ಸಾಲಿನಲ್ಲಿ ಎರಡನ್ನೂ ಕಟ್ಟಿಹಾಕಬೇಡ. ನಮ್ಮ ಕಥೆಯಲ್ಲಿ ಮಗುವನ್ನು ಕೊಂದೇ ಬಿಡುತ್ತಾರೆ, ಆಮೇಲೆ ಹೆಸರು ಹಿಡಿದು ಕರೆದರೆ ಅದು ಓಡಿ ಬರುತ್ತದೆ. ಅಲ್ಲಿ ಕತ್ತಿ ಕೆಳಗಿಳಿಯುವುದಿಲ್ಲ, ಪೊದೆಗೆ ಕೊಂಬು ಸಿಕ್ಕಿಕೊಂಡ ಟಗರು ಸಾಯುತ್ತದೆ. ಆದರೆ ಓಡಿ ಬರುವ ಮಗು ಅಲ್ಲಿಲ್ಲ. 19ನೇ ವಚನದಲ್ಲಿ ಅಬ್ರಹಾಮ ಆಳುಗಳ ಬಳಿಗೆ ಹಿಂತಿರುಗಿದ ಎಂದಿದೆ, ಮಗ ಇಸಾಕನ ಹೆಸರೇ ಇಲ್ಲ. ಆ ಬೆಟ್ಟದ ಮೇಲಿನ ಸಂಭಾಷಣೆಯ ನಂತರ ಅಪ್ಪ ಮಗ ಒಬ್ಬರಿಗೊಬ್ಬರು ಮಾತಾಡಿದ್ದು ಗ್ರಂಥದಲ್ಲಿ ಮತ್ತೆ ಎಲ್ಲಿಯೂ ಬರುವುದಿಲ್ಲ. ಮುಂದಿನ ಅಧ್ಯಾಯ ತೆರೆದರೆ ಇಸಾಕನ ತಾಯಿ ಸಾರಾ ಸತ್ತಿರುತ್ತಾಳೆ. ಬೆಟ್ಟದ ಸುದ್ದಿ ಕೇಳಿಯೇ ಅವಳ ಜೀವ ಹೋಯಿತು ಎಂದು ಯೆಹೂದಿ ವ್ಯಾಖ್ಯಾನಕಾರರು ಎರಡು ಅಧ್ಯಾಯಗಳ ನಡುವಿನ ಖಾಲಿ ಜಾಗವನ್ನು ತುಂಬಿದರು. ತಾಯಿಯನ್ನು ಕೇಳಲಿಲ್ಲವಲ್ಲ ಎಂಬ ಸಂಕಟ ಅವರಿಗೂ ಇತ್ತು.

ಈಗ ನಿನ್ನ ಅಧ್ಯಾಯಕ್ಕೆ ಬರುತ್ತೇನೆ. ಅದರಲ್ಲಿ ಮೂರು ವಚನಗಳಲ್ಲಿ ಬರುವ ಒಂದು ಹೀಬ್ರೂ ಧಾತು ಇದೆ, ನಾಹಮ್. ಮನಮರುಗು, ಮನಸ್ಸು ತಿರುಗಿಸು ಎಂದರ್ಥ. ಕನ್ನಡ ಬೈಬಲ್ಲಿನಲ್ಲಿ ಪಶ್ಚಾತ್ತಾಪ ಎಂದು ಬರುತ್ತದೆ. 11ನೇ ವಚನದಲ್ಲಿ ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ಮರುಗುತ್ತೇನೆ ಎಂದು ದೇವರೇ ಹೇಳುತ್ತಾನೆ. 29ರಲ್ಲಿ ಸಮುವೇಲ ಸೌಲನಿಗೆ, ಇಸ್ರಾಯೇಲರ ದೇವರು ಮರುಗುವವನಲ್ಲ, ಮರುಗುವುದಕ್ಕೆ ಅವನು ಮನುಷ್ಯನಲ್ಲ ಎನ್ನುತ್ತಾನೆ. 35ರಲ್ಲಿ ಅಧ್ಯಾಯ ಮುಗಿಯುವಾಗ ದೇವರು ಮರುಗಿದ ಎಂದು ಕಥೆಗಾರನೇ ಹೇಳುತ್ತಾನೆ. ಒಂದೇ ಅಧ್ಯಾಯ, ಒಂದೇ ಧಾತು, ಪ್ರವಾದಿಯ ಮಾತಿಗೆ ಹಿಂದೆಯೂ ಮುಂದೆಯೂ ಅದರ ನಿರಾಕರಣೆ. ಇದು ಕೈತಪ್ಪಿ ಆದದ್ದೆಂದು ನಾನು ನಂಬುವುದಿಲ್ಲ. ದೇವರ ಮನಸ್ಸು ನನಗೆ ಗೊತ್ತು ಎನ್ನುವವನ ಮಾತು ದೇವರ ಮಾತಿಗೇ ತಾಳೆಯಾಗುತ್ತಿಲ್ಲ. ಹಾಗಿದ್ದರೆ ಆ ಮೊದಲ ಆಜ್ಞೆ? ಅದೂ ಸಮುವೇಲನ ಬಾಯಿಂದಲೇ ಬಂದದ್ದು. ನಾನು ಇದನ್ನು ಉತ್ತರ ಎಂದು ಕೊಡುತ್ತಿಲ್ಲ. ಆದರೆ ಈ ಪ್ರಶ್ನೆಯ ಬಾಗಿಲನ್ನು ಹೊರಗಿನಿಂದ ಬಂದ ನಾವು ಒಡೆದದ್ದಲ್ಲ, ಬರೆದವರೇ ತೆರೆದಿಟ್ಟಿದ್ದಾರೆ.

ಇನ್ನೊಂದು ಜಾಗ ತೋರಿಸುತ್ತೇನೆ. ಏಳು ಅಧ್ಯಾಯ ಮುಂದೆ ಹೋಗು. ಸೌಲ ಈಗ ಮುಂದೆ ರಾಜನಾಗಲಿರುವ ದಾವೀದನ ಬೆನ್ನು ಹತ್ತಿದ್ದಾನೆ. ದಾವೀದನಿಗೆ ರೊಟ್ಟಿ ಕೊಟ್ಟರೆಂಬ ಕಾರಣಕ್ಕೆ ನೋಬ್ ಎಂಬ ಯಾಜಕರ ಊರಿನ ಮೇಲೆ ಅವನ ಸಿಟ್ಟು ತಿರುಗುತ್ತದೆ. ಅವನ ಭಟರು ಕೈ ಎತ್ತುವುದಿಲ್ಲ. ದೋಯೇಗ ಎಂಬ ಎದೋಮ್ಯ 85 ಯಾಜಕರನ್ನು ಕೊಲ್ಲುತ್ತಾನೆ. ಆಮೇಲೆ ಊರಿಗೆ ಊರೇ: ಗಂಡಸು ಹೆಂಗಸು, ಮಕ್ಕಳು ಮೊಲೆಗೂಸು, ದನ ಕತ್ತೆ ಕುರಿ. ಗುರುತಾಯಿತಾ? ಅಮಾಲೇಕ್ಯರಿಗೆ ಓದಿದ ಪಟ್ಟಿಯೇ ಇದು, ಒಂಟೆ ಮಾತ್ರ ಬಿಟ್ಟುಹೋಗಿದೆ. ಅಲ್ಲಿ ದೇವರ ಅಪ್ಪಣೆ, ಇಲ್ಲಿ ರಾಜನ ಹುಚ್ಚು. ಎರಡನ್ನೂ ಒಂದೇ ಪಲ್ಲವಿಯಲ್ಲಿ ಹೇಳಿದವನು ಓದುಗನ ಕಿವಿಯಲ್ಲಿ ಏನನ್ನು ಬಿತ್ತುತ್ತಿದ್ದಾನೆ? ಯೆಹೂದ್ಯರ ಧರ್ಮಚರ್ಚೆಯ ಗ್ರಂಥವಾದ ತಾಲ್ಮೂದ್ ರಚಿಸಿದ ರಬ್ಬಿಗಳು, ಅಂದರೆ ಧರ್ಮಗುರುಗಳು, ಇದನ್ನು ಹಿಡಿದರು. ಯೋಮಾ ಎಂಬ ಭಾಗದಲ್ಲಿ ಅವರು ಸೌಲನ ಬಾಯಿಗೆ ಒಂದು ವಾದ ಕೊಡುತ್ತಾರೆ: ಒಬ್ಬನೇ ಒಬ್ಬ ಸತ್ತು ಬಿದ್ದಿದ್ದರೂ ಅದಕ್ಕೆ ಪ್ರಾಯಶ್ಚಿತ್ತ ಬೇಕೆನ್ನುತ್ತದೆ ಧರ್ಮಶಾಸ್ತ್ರ, ಇಷ್ಟು ಜೀವಗಳಿಗೆ ಏನು? ದೊಡ್ಡವರು ಪಾಪ ಮಾಡಿದರು ಅನ್ನೋಣ, ಮಕ್ಕಳು ಏನು ಮಾಡಿದ್ದವು? ಆಗ ಆಕಾಶವಾಣಿಯಾಗುತ್ತದೆ, ಅತಿಯಾಗಿ ನೀತಿವಂತನಾಗಬೇಡ ಎಂದು. ನೋಬ್‌ನಲ್ಲಿ ಕೊಲ್ಲಿಸುವಾಗ ಮತ್ತೆ ಆಗುತ್ತದೆ, ಅತಿಯಾಗಿ ದುಷ್ಟನಾಗಬೇಡ ಎಂದು. ಆಕಾಶವಾಣಿಯ ಮೊದಲ ಮಾತು ನನಗೆ ಈಗಲೂ ಒಪ್ಪಿಗೆಯಾಗಿಲ್ಲ. ಆದರೆ ನೀನು ಬರೆದ ಪ್ರಶ್ನೆಯನ್ನು, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ, ಆ ಗ್ರಂಥವನ್ನು ಪವಿತ್ರವೆಂದು ಎದೆಗೊತ್ತಿಕೊಂಡವರೇ ಸಾವಿರದೈನೂರು ವರ್ಷಗಳ ಹಿಂದೆ ಬರೆದಿಟ್ಟರು.

ಆದ್ದರಿಂದ "ಹಳೆ ಒಡಂಬಡಿಕೆಯ ಕ್ರೂರ ದೇವರು, ಹೊಸ ಒಡಂಬಡಿಕೆಯ ಪ್ರೀತಿಯ ದೇವರು" ಎಂಬ ನಿನ್ನ ಸಾಲನ್ನು ದಯವಿಟ್ಟು ಹೊಡೆದುಹಾಕು. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಇವರಿಬ್ಬರೂ ಬೇರೆ ಬೇರೆ ದೇವರೆಂದೇ ವಾದಿಸಿದ. ರೋಮಿನ ಕ್ರೈಸ್ತ ಸಭೆ ಅವನನ್ನು ಹೊರಹಾಕಿತು. ಆದರೂ ಆ ಮಾತು ಸಾಯಲಿಲ್ಲ. ಯೆಹೂದ್ಯರನ್ನು ಕಲ್ಲೆದೆಯವರೆಂದು ದೂರಲು ಅದು ಯೂರೋಪಿನಲ್ಲಿ ಶತಮಾನಗಟ್ಟಲೆ ಬಳಕೆಯಾಯಿತು. ನಿನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲವೆಂದು ಗೊತ್ತು. ಆದರೂ ವಾಕ್ಯಗಳು ತಮ್ಮ ಹಳೆಯ ರಕ್ತ ಹೊತ್ತುಕೊಂಡೇ ಬರುತ್ತವೆ.

"ಆ ಕಾಲವೇ ಹಾಗಿತ್ತು" ಎಂಬುದಕ್ಕೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ. ಈಗಿನ ಜೋರ್ಡಾನಿನ ಧೀಬಾನ್‌ನಲ್ಲಿ 1868ರಲ್ಲಿ ಒಂದು ಕಪ್ಪು ಶಾಸನಕಲ್ಲು ಸಿಕ್ಕಿತು, ಈಗ ಪ್ಯಾರಿಸಿನ ಲೂವ್ರ್‌ನಲ್ಲಿದೆ. ಕ್ರಿ.ಪೂ. 9ನೇ ಶತಮಾನದ ಮೋವಾಬಿನ ರಾಜ ಮೇಷನದು. ನೆಬೋ ಊರನ್ನು ಇಸ್ರಾಯೇಲರಿಂದ ಗೆದ್ದು ಅಲ್ಲಿದ್ದ 7,000 ಜನರನ್ನು, ಹೆಂಗಸರೂ ಸೇರಿದಂತೆ, ಕೊಂದು ತನ್ನ ದೇವರಿಗೆ ಮೀಸಲು ಮಾಡಿದೆನೆಂದು ಹೇಳಿಕೊಳ್ಳುತ್ತಾನೆ. ಅವನು ಬಳಸುವ ಧಾತು, ಸೌಲನಿಗೆ ಕೊಟ್ಟ ಆಜ್ಞೆಯಲ್ಲಿರುವ ಧಾತು ಒಂದೇ. ಹೀಬ್ರೂವಿನಲ್ಲಿ ಹೇರೆಮ್, ಅಂದರೆ ದೇವರಿಗೆ ಮೀಸಲಾಗಿ ಮನುಷ್ಯ ಮುಟ್ಟಬಾರದ್ದು. ನಾವು ಬಲ್ಲ ಅರಬ್ಬಿಯ ಹರಾಮ್ ಅದರ ದಾಯಾದಿ. ಇನ್ನೂ ಹಿಂದೆ, ಕ್ರಿ.ಪೂ. 1208ರ ಸುಮಾರಿಗೆ, ಈಜಿಪ್ಟಿನ ದೊರೆ ಮೆರ್ನೆಪ್ತಾ ತನ್ನ ಕಲ್ಲಿನಲ್ಲಿ ಇಸ್ರಾಯೇಲ್ ಹಾಳಾಯಿತು, ಅದರ ಬೀಜ ಉಳಿದಿಲ್ಲ ಎಂದು ಕೆತ್ತಿಸಿದ. ಬೈಬಲ್ಲಿನ ಹೊರಗೆ ಇಸ್ರಾಯೇಲಿನ ಹೆಸರು ನಮಗೆ ಮೊದಲು ಸಿಗುವುದೇ ಅದು ಅಳಿಯಿತು ಎಂಬ ಸುದ್ದಿಯಲ್ಲಿ! ನಿರ್ನಾಮ ಮಾಡಿದೆ ಎನ್ನುವುದು ಆ ಕಾಲದ ರಾಜರ ಬಿರುದಿನ ಭಾಷೆ. ಸಮುವೇಲನ ಗ್ರಂಥವೂ ಅದನ್ನು ಬಿಟ್ಟುಕೊಡುತ್ತದೆ: 15ರಲ್ಲಿ ನಿರ್ನಾಮವಾದ ಅಮಾಲೇಕ್ಯರು 30ರಲ್ಲಿ ದಂಡು ಕಟ್ಟಿಕೊಂಡು ಬಂದು ಚಿಕ್ಲಗ್ ಊರನ್ನು ಸುಡುತ್ತಾರೆ, ಅವರಲ್ಲಿ 400 ಯುವಕರು ಒಂಟೆ ಹತ್ತಿ ತಪ್ಪಿಸಿಕೊಳ್ಳುತ್ತಾರೆ.

ಹಾಗಾದರೆ ಎಲ್ಲ ಅತಿಶಯೋಕ್ತಿ ಎಂದು ನಿಟ್ಟುಸಿರು ಬಿಡೋಣವೇ? ಬಿಡಬಾರದು. ಕೊಂದದ್ದು ಸುಳ್ಳಿರಬಹುದು, ಕೊಂದೆವೆಂದು ಹೇಳಿಕೊಳ್ಳುವುದು ಹೆಮ್ಮೆಯೆನಿಸಿದ್ದು ನಿಜ. ಮತ್ತು ಕಲ್ಲಿನ ಮೇಲಿನ ಮೇಷನ ಮಾತು ಕಲ್ಲಿನ ಮೇಲೆಯೇ ಉಳಿಯಿತು, ಬೈಬಲ್ಲಿನ ಈ ಮಾತು ಇಂದಿಗೂ ಬಾಯಲ್ಲಿ ಓಡಾಡುತ್ತದೆ. 2023ರ ಅಕ್ಟೋಬರ್‌ನಲ್ಲಿ, ಹಮಾಸ್ ದಾಳಿಯ ನಂತರ, ಇಸ್ರೇಲಿನ ಪ್ರಧಾನಿ ಅಮಾಲೇಕ ನಿಮಗೆ ಮಾಡಿದ್ದನ್ನು ನೆನಪಿಡಿ ಎಂದರು. ಆ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಕೊಟ್ಟ ಅರ್ಜಿಯಲ್ಲಿ ಆ ಮಾತನ್ನು ಎತ್ತಿ ತೋರಿಸಿತು. ಅದು ಹಮಾಸನ್ನು ಕುರಿತದ್ದೆಂದು ಪ್ರಧಾನಿಯ ಕಚೇರಿ ಉತ್ತರಿಸಿತು. ಒಂದು ಹಳೆಯ ಹೆಸರಿನ ಅರ್ಥವೇನೆಂಬ ಪ್ರಶ್ನೆ ನ್ಯಾಯಾಲಯದ ಕಾಗದ ಸೇರಿತು. ನೀನು ಬರೆಯುತ್ತಿರುವುದು ಮೂರು ಸಾವಿರ ವರ್ಷದ ಹಿಂದಿನ ಕಥೆ ಎಂದು ಯಾರಾದರೂ ಅಂದರೆ ನಂಬಬೇಡ.

ಈಗ ನಮ್ಮ ಭಾಷೆಯ ಮಾತು. ನೀನು ಏಳು ಕಡೆ "ಸಂಹಾರ" ಎಂದು ಬರೆದಿದ್ದೀಯ, ಎಣಿಸಿದೆ. ಕನ್ನಡದಲ್ಲಿ ಸಂಹಾರ ಎಂದರೆ ಸತ್ತವನು ಆಗಲೇ ಮಹಿಷಾಸುರನಾಗಿಬಿಟ್ಟ. ವಧೆ ಎಂದರೂ ಅದೇ ಗತಿ, ಕೀಚಕನೋ ಬಕನೋ ಕಣ್ಣ ಮುಂದೆ ಬರುತ್ತಾನೆ. ನಮ್ಮ ಪುರಾಣ, ನಮ್ಮ ಯಕ್ಷಗಾನ ಈ ಪದಗಳಿಗೆ ಮೊದಲೇ ಒಪ್ಪಿಗೆಯ ಮುದ್ರೆ ಒತ್ತಿವೆ. ನೀನು ಬೇಡವೆಂದರೂ ಅವು ನಿನ್ನ ವಾಕ್ಯದಲ್ಲಿ ಕೊಂದವನ ಪಕ್ಷ ವಹಿಸುತ್ತವೆ. "ಕೊಂದರು" ಎಂದು ಬರೆ. ಮೊಲೆಗೂಸನ್ನು ಕೊಂದರು. ಹಾಗೆಯೇ ಅಮಾಲೇಕ್ಯರ ರಾಜ ಅಗಾಗನ ಸಾವು. ಸಮುವೇಲ ಅವನನ್ನು ಗಿಲ್ಗಾಲಿನಲ್ಲಿ ಯೆಹೋವನ ಸನ್ನಿಧಿಯಲ್ಲಿ ಕಡಿದ ಎನ್ನುವಾಗ ಬರುವ ಹೀಬ್ರೂ ಕ್ರಿಯಾಪದ ಇಡೀ ಗ್ರಂಥದಲ್ಲಿ ಆ ಒಂದೇ ಕಡೆ ಬರುತ್ತದೆ. ಅದನ್ನು "ಶಿಕ್ಷಿಸಿದನು" ಎಂದು ನೀನು ತೊಳೆದುಬಿಟ್ಟಿದ್ದೀಯ. ತೊಳೆಯಬೇಡ.

ಮಂಗಳೂರಿನಲ್ಲೋ ಬಳ್ಳಾರಿಯಲ್ಲೋ ಪ್ರತಿ ಭಾನುವಾರ ಈ ಪುಸ್ತಕವನ್ನು ಕನ್ನಡದಲ್ಲೇ ಓದುವ ಅಜ್ಜಿಯೊಬ್ಬಳು ನಿನ್ನ ಲೇಖನವನ್ನೂ ಓದುತ್ತಾಳೆ ಎಂದು ನೆನೆದು ಬರೆ. ಅವಳನ್ನು ಮೆಚ್ಚಿಸಬೇಕಿಲ್ಲ. ಅವಳಿಗೆ ನಿನಗಿಂತ ಚೆನ್ನಾಗಿ ಗೊತ್ತಿರುವ ಪುಸ್ತಕದ ಬಗ್ಗೆ ಬರೆಯುತ್ತಿದ್ದೀಯ, ಅಷ್ಟು ನೆನಪಿದ್ದರೆ ಸಾಕು.

ಕೊನೆಯದಾಗಿ, ಲೇಖನವನ್ನು ಎಲ್ಲಿಗೆ ಒಯ್ಯಬೇಕು ಎಂದು ಕೇಳಿದ್ದೀಯಲ್ಲ. ಸಮುವೇಲನ ಎರಡನೆಯ ಗ್ರಂಥ, 21ನೇ ಅಧ್ಯಾಯ. ಮೂರು ವರ್ಷ ಬರ. ಸೌಲ ಗಿಬ್ಯೋನ್ಯರನ್ನು ಕೊಂದ ಪಾಪವೇ ಕಾರಣ ಎಂದು ದೇವರ ಉತ್ತರ. ಅದಕ್ಕೆ ಪರಿಹಾರವಾಗಿ ಸೌಲನ ವಂಶದ ಏಳು ಮಂದಿಯನ್ನು ದಾವೀದ ಒಪ್ಪಿಸುತ್ತಾನೆ. ಜವೆಗೋದಿಯ ಕೊಯ್ಲು ಶುರುವಾಗುವ ದಿನಗಳಲ್ಲಿ ಗುಡ್ಡದ ಮೇಲೆ, ಯೆಹೋವನ ಎದುರು, ಅವರನ್ನು ತೂಗುಹಾಕುತ್ತಾರೆ. ಅವರಲ್ಲಿ ಇಬ್ಬರು ರಿಚ್ಪಳ ಮಕ್ಕಳು. ರಿಚ್ಪ ಸೌಲನ ಉಪಪತ್ನಿ. ಅವಳು ಗೋಣಿತಟ್ಟು ತಂದು ಬಂಡೆಯ ಮೇಲೆ ಹಾಸುತ್ತಾಳೆ. ಆಕಾಶದಿಂದ ಹೆಣಗಳ ಮೇಲೆ ಮಳೆ ಸುರಿಯುವವರೆಗೆ ಹಗಲು ಹಕ್ಕಿಗಳನ್ನು, ರಾತ್ರಿ ಕಾಡುಮೃಗಗಳನ್ನು ಹತ್ತಿರ ಬಿಡುವುದಿಲ್ಲ, ತನ್ನ ಇಬ್ಬರ ಬಳಿಗೆ ಮಾತ್ರವಲ್ಲ, ಏಳು ಮಂದಿಯ ಬಳಿಗೂ. ಇಡೀ ಅಧ್ಯಾಯದಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ. ಸುದ್ದಿ ದಾವೀದನಿಗೆ ಮುಟ್ಟುತ್ತದೆ. ಅವನು ಹೋಗಿ ಸೌಲ ಮತ್ತು ಅವನ ಮಗ ಯೋನಾತಾನರ ಎಲುಬುಗಳನ್ನು ತರಿಸುತ್ತಾನೆ, ತೂಗುಬಿದ್ದವರ ಎಲುಬುಗಳನ್ನೂ ಕೂಡಿಸುತ್ತಾರೆ, ಮಣ್ಣು ಮಾಡುತ್ತಾರೆ. ದೇವರು ನಾಡಿನ ಮೊರೆಗೆ ಓಗೊಟ್ಟ ಎಂಬ ವಾಕ್ಯ ಆಮೇಲೆ ಬರುತ್ತದೆ. ತೂಗುಹಾಕಿದ ಮೇಲೆ ಅಲ್ಲ, ಹೂಳಿದ ಮೇಲೆ. ಆ ವಾಕ್ಯ ಎಲ್ಲಿ ಕೂತಿದೆ ನೋಡು.

ನಿನ್ನ ಕರಡನ್ನು ಕುರಿಗಳಿಂದ ಶುರುಮಾಡು. ಯೆಹೋವನ ಮಾತನ್ನು ನೆರವೇರಿಸಿದೆ ಎಂದು ಸೌಲ ಹೇಳುತ್ತಾನೆ, ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಎಂದು ಸಮುವೇಲ ಕೇಳುತ್ತಾನಲ್ಲ, ಅಲ್ಲಿಂದ. ಅಷ್ಟು ಹೊತ್ತಿಗೆ ಅಮಾಲೇಕ್ಯರ ಮಕ್ಕಳ ಕೂಗು ನಿಂತುಹೋಗಿದೆ, ಆ ಬಗ್ಗೆ ಇಬ್ಬರಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿಂದ ರಿಚ್ಪಳ ಬಂಡೆಯವರೆಗೆ ನಡೆ. ಹದಿನೆಂಟು ಪುಟ ಹತ್ತಾಗಲಿ. ಹೊಸ ಕರಡನ್ನು ಅಂಚೆಯಲ್ಲೇ ಕಳಿಸು, ಪರದೆಯ ಮೇಲೆ ಓದಿದರೆ ನನ್ನ ಕಣ್ಣು ಬೇಗ ಸೋಲುತ್ತದೆ.

ನಿನ್ನ,
ಹಿರಿಯ ಗೆಳೆಯ