ಸಾಗಣೆ ದುಡ್ಡಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಹೋಲ್‌ಸೇಲ್‌ನವರು ಸಾಗಣೆಗೆ ಜಾಸ್ತಿ ಕೀಳುತ್ತಾರೆ ಅಂತ ಗುಂಪಿನಲ್ಲಿ ದೂರು ಬರುತ್ತಲೇ ಇದೆ. ಎಲ್ಲ ಸಲವೂ ಅದು ಮೋಸವಲ್ಲ. ಕೊರಿಯರ್‌ನವರು ತೂಕ ಒಂದನ್ನೇ ನೋಡುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಬಂದ ಕಿಲೋ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. 40, 30, 25ರ ಡಬ್ಬ ಅಂದರೆ 6 ಕಿಲೋ ಲೆಕ್ಕ, ಒಳಗಿರುವುದು 1 ಕಿಲೋ ಬಟನ್, ಮಿಕ್ಕಿದ್ದೆಲ್ಲ ಗಾಳಿ!

ಆದರೆ ಸಣ್ಣ ಕವರಿಗೂ ದೊಡ್ಡ ಡಬ್ಬದ ರೇಟ್ ಹಾಕಿದರೆ, ಇಲ್ಲಾ ಮಾಲಿನ ಬೆಲೆ ಇಳಿಸಿದ ಹಾಗೆ ಮಾಡಿ ಸಾಗಣೆಯಲ್ಲಿ ಲಾಭ ಸೇರಿಸಿದರೆ ಸುಮ್ನೆ ಇರಬೇಡಿ. ಡಬ್ಬದ ಅಳತೆ ಕೇಳಿ. ಪಾರ್ಸೆಲ್ ಬಿಚ್ಚುವ ಮುಂಚೆ ಲೇಬಲ್‌ನ ಫೋಟೋ ತೆಗೆದಿಡಿ. ಚಿಕ್ಕ ಆರ್ಡರ್ ಇರುವವರು ಒಟ್ಟಿಗೆ ತರಿಸೋಣ ಅಲ್ವಾ, ಬೇಕಾದವರು ಕೆಳಗೆ ಹೆಸರು ಹಾಕಿ.