ಯಂತ್ರಕ್ಕೆ ಮುನ್ನ ಕಲ್ಲು ನೋಡುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಅಗ್ನಿಶಿಲೆ, ರೂಪಾಂತರ ಶಿಲೆಗಳ ಭೂರಸಾಯನ ಕಲಿಯುವವರಿಗೆ ಕೊಡಗಿನಂಥ ಜಾಗ ಸಿಗುವುದು ಅಪರೂಪ. ಆದರೆ ಇಲ್ಲಿನ ಕಲ್ಲುಗಳ ಮೇಲೆ ಸಿದ್ಧವಾಗುವ ಎಂ.ಎಸ್ಸಿ. ಪ್ರಾಜೆಕ್ಟ್ ವರದಿಗಳಲ್ಲಿ ಗ್ರಾಫ್‌ಗಳು ಪುಟಗಟ್ಟಲೆ ಇದ್ದರೂ ಕಲ್ಲನ್ನು ಎಲ್ಲಿಂದ, ಯಾವ ಸ್ಥಿತಿಯಲ್ಲಿ ತಂದರು ಎಂಬ ವಿವರ ಎಷ್ಟೋ ಸಲ ಇರುವುದೇ ಇಲ್ಲ. ಇದು ಸಣ್ಣ ಲೋಪವಲ್ಲ.

ನಮ್ಮ ಮಳೆಗೆ ಬಂಡೆ ಆಳದವರೆಗೂ ಕೊಳೆಯುತ್ತದೆ. ಮಡಿಕೇರಿ–ಸಂಪಾಜೆ ರಸ್ತೆಯ ಬರೆಗಳನ್ನೇ ನೋಡಿ: ನೈಸ್ ಎಂಬ ರೂಪಾಂತರ ಶಿಲೆಯ ಪಟ್ಟೆಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ. ಕ್ಯಾಲ್ಸಿಯಂ, ಸೋಡಿಯಂ ಮೊದಲೇ ತೊಳೆದುಹೋಗಿರುತ್ತವೆ, ಪೊಟ್ಯಾಸಿಯಂ ನಿಧಾನವಾಗಿ ಅವುಗಳ ಹಿಂದೆ ಹೋಗುತ್ತದೆ. ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂಗಳ ಪಾಲು ಏರಿದಂತೆ ತೋರುತ್ತದೆ. ಈ ಪುಡಿಯನ್ನು ಎಕ್ಸ್‌ಆರ್‌ಎಫ್‌ಗೆ (ಎಕ್ಸ್-ಕಿರಣದಿಂದ ಧಾತುಗಳ ಪ್ರಮಾಣ ಅಳೆಯುವ ಯಂತ್ರಕ್ಕೆ) ಕೊಟ್ಟರೆ ಗ್ರಾನೈಟ್ ಮೂಲದ ನೈಸ್ ಕೂಡ ಜೇಡಿಮಣ್ಣಿನಿಂದ ಹುಟ್ಟಿದ ಶಿಲೆಯಂತೆ ಕಾಣಿಸುತ್ತದೆ. ಯಂತ್ರ ಸರಿಯಾಗಿಯೇ ಅಳೆದಿರುತ್ತದೆ, ಅಳೆದದ್ದು ಮಾತ್ರ ಶಿಲೆಯನ್ನಲ್ಲ, ಮಳೆ ಮಾಡಿದ ಕೆಲಸವನ್ನು.

ಹಾಗಾಗಿ ಸ್ಯಾಂಪಲ್ ತೆಗೆಯಬೇಕಾದ್ದು ಕೆಲಸ ನಡೆಯುತ್ತಿರುವ ಕೋರೆಯ ಹೊಸದಾಗಿ ಒಡೆದ ಮುಖದಿಂದ, ಇಲ್ಲವೇ ಹೊಳೆಯ ಪಾತ್ರದ ಗಟ್ಟಿ ಬಂಡೆಯಿಂದ. ತುಕ್ಕು ಬಣ್ಣದ ಸಿಪ್ಪೆಯನ್ನು ಅಲ್ಲೇ ಒಡೆದು ಬಿಸಾಡಬೇಕು. ಸಣ್ಣ ಹರಳಿನ ಕಲ್ಲಾದರೆ ಒಂದು ಕಿಲೋ ಸಾಕು, ದಪ್ಪ ಹರಳಿನ ನೈಸ್ ಆದರೆ 3ರಿಂದ 5 ಕಿಲೋ ಬೇಕು. ಇಲ್ಲದಿದ್ದರೆ ಒಂದೆರಡು ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳೇ ಇಡೀ ಲೆಕ್ಕವನ್ನು ತಮ್ಮ ಕಡೆಗೆ ಎಳೆದುಬಿಡುತ್ತವೆ.

ಪುಡಿ ಮಾಡುವ ಮೊದಲು ಅದೇ ಕಲ್ಲಿನ ಒಂದು ತುಂಡನ್ನು ಥಿನ್ ಸೆಕ್ಷನ್‌ಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಬಿಲ್ಲೆಗೆ, ಎತ್ತಿಡಬೇಕು. ಇದೇ ಇಂದು ಹೆಚ್ಚು ಕಡೆಗಣನೆಗೆ ಒಳಗಾಗಿರುವ ಕೆಲಸ. ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಕೊಯ್ದು, ಒಂದು ಮುಖವನ್ನು ಕಾರ್ಬೊರಂಡಂ ಪುಡಿಯಲ್ಲಿ ತರಿಯಿಂದ ನಯದವರೆಗೆ ಉಜ್ಜಿ, ಎಪಾಕ್ಸಿಯಿಂದ ಗಾಜಿಗೆ ಅಂಟಿಸಿ, ಇನ್ನೊಂದು ಮುಖವನ್ನು 0.03 ಮಿಲಿಮೀಟರ್ ಉಳಿಯುವಂತೆ ಉಜ್ಜಬೇಕು. ಅಂಟಿನಲ್ಲಿ ಗಾಳಿಗುಳ್ಳೆ ಉಳಿದರೆ ಆ ಜಾಗದ ಹರಳು ಕಿತ್ತುಬರುತ್ತದೆ. ತರಿ ಪುಡಿಯಲ್ಲೇ ಹೆಚ್ಚು ಹೊತ್ತು ಉಜ್ಜಿದರೆ ಗಾರ್ನೆಟ್ ಉದುರಿ ತೂತು ಉಳಿಯುತ್ತದೆ. ಕೈಯ ಒತ್ತಡ ಒಂದೇ ಸಮ ಇರದಿದ್ದರೆ ಒಂದು ಅಂಚು ತೆಳು, ಇನ್ನೊಂದು ದಪ್ಪ. ಸೂಕ್ಷ್ಮದರ್ಶಕದಲ್ಲಿ ಅಡ್ಡಹಾಕಿದ ಪೋಲರೈಸರ್‌ಗಳ (ಬೆಳಕು ಸೋಸುವ ಪಟಲಗಳ) ನಡುವೆ ಕ್ವಾರ್ಟ್ಸ್ ತಿಳಿಬೂದು ಬಣ್ಣದಲ್ಲಿದ್ದರೆ ದಪ್ಪ ಸರಿ, ಗಾಢ ಹಳದಿ ಕಂಡರೆ ಇನ್ನೂ ಉಜ್ಜಬೇಕು. ನೀರಿನಂಶವಿಲ್ಲದ ಖನಿಜವಾದ ಹೈಪರ್‌ಸ್ತೀನ್ ಹರಳಿನ ಅಂಚಿನಲ್ಲಿ ನೀರಿನಂಶವಿರುವ ಕಪ್ಪು ಅಭ್ರಕ ಬಯೊಟೈಟ್ ಬೆಳೆದಿದ್ದರೆ ಆಮೇಲೆ ನೀರು ಹೊಕ್ಕಿದೆ ಎಂದರ್ಥ. ಅಂಥ ಕಲ್ಲಿನ ಪೊಟ್ಯಾಸಿಯಂ, ರುಬಿಡಿಯಂ ಅಂಕಿಗಳನ್ನು ಮೂಲ ಶಿಲೆಯವೆಂದು ನಂಬಬಾರದು. ಇದನ್ನು ಯಾವ ಅಂಕಿಪಟ್ಟಿಯೂ ಹೇಳುವುದಿಲ್ಲ.

ಪುಡಿ ಮಾಡುವ ಪಾತ್ರೆಯೂ ಕಲ್ಲಿಗೆ ತನ್ನದನ್ನು ಬೆರೆಸುತ್ತದೆ: ಕ್ರೋಮ್ ಸ್ಟೀಲ್ ಆದರೆ ಕ್ರೋಮಿಯಂ, ಟಂಗ್‌ಸ್ಟನ್ ಕಾರ್ಬೈಡ್ ಆದರೆ ಟಂಗ್‌ಸ್ಟನ್ ಜೊತೆ ಕೋಬಾಲ್ಟ್. ಐಸಿಪಿ–ಎಂಎಸ್‌ಗೆ (ಅತ್ಯಲ್ಪ ಪ್ರಮಾಣದ ಧಾತುಗಳನ್ನು ಅಳೆಯುವ ಯಂತ್ರಕ್ಕೆ) ತೆರೆದ ಬೀಕರಿನಲ್ಲಿ ಆಮ್ಲ ಹಾಕಿ ಕರಗಿಸಿದರೆ ಜಿರ್ಕಾನ್ ಎಂಬ ಗಟ್ಟಿ ಖನಿಜ ಪೂರ್ತಿ ಕರಗದೆ ಜಿರ್ಕೋನಿಯಂ, ಹಾಫ್ನಿಯಂ ಕಡಿಮೆ ಬರುತ್ತವೆ. ಕಾಯಿಸಿದಾಗಿನ ತೂಕನಷ್ಟ ತಾಜಾ ಚಾರ್ನೊಕೈಟ್‌ನಲ್ಲಿ (ಹೈಪರ್‌ಸ್ತೀನ್ ಇರುವ, ಗ್ರಾನೈಟ್‌ನಂಥ ಶಿಲೆ) ಸಾಮಾನ್ಯವಾಗಿ ಶೇ 1ರೊಳಗೆ. ಅದು ಶೇ 3 ದಾಟಿದರೆ ಕಲ್ಲು ಕೊಳೆತಿರುವ ಸಾಧ್ಯತೆಯಿದೆ, ಗ್ರಾಫ್ ಬಿಡಿಸುವುದನ್ನು ನಿಲ್ಲಿಸಿ ಸ್ಯಾಂಪಲ್ ಮತ್ತೆ ನೋಡಬೇಕು.

ಕೊಡಗಿನ ಮಟ್ಟಿಗೆ ಈ ಎಚ್ಚರಕ್ಕೆ ವಿಶೇಷ ಕಾರಣವಿದೆ. ಇಲ್ಲಿನ ಚಾರ್ನೊಕೈಟ್, ನೈಸ್‌ಗಳಲ್ಲಿನ ಜಿರ್ಕಾನ್ ಹರಳುಗಳು 300 ಕೋಟಿ ವರ್ಷಕ್ಕಿಂತ ಹಳೆಯವು, ನೀಲಗಿರಿಯ ಚಾರ್ನೊಕೈಟ್ ಸುಮಾರು 250 ಕೋಟಿ ವರ್ಷದ್ದು. ಕೈಯಲ್ಲಿ ಹಿಡಿದರೆ ಎರಡೂ ಒಂದೇ: ಎಣ್ಣೆ ಸವರಿದಂಥ ಹಸಿರುಗಪ್ಪು ಹೊಳಪು. ಅವುಗಳ ಹುಟ್ಟು ಬೇರೆಯೆಂದು ತೋರಿಸುವುದು ಐಸೊಟೋಪ್ ಮತ್ತು ಅಲ್ಪಪ್ರಮಾಣದ ಧಾತುಗಳ ಅಂಕಿಗಳೇ. ಅವೇ ಕೆಟ್ಟರೆ ಹೇಳಲು ಏನೂ ಉಳಿಯದು.

ಕೊಡಗು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೋರಿಕೆ ಇಷ್ಟು. ಕೊಡಗಿನ ಕೋರೆಗಳ ತಾಜಾ ಕಲ್ಲುಗಳನ್ನು ಜಿಪಿಎಸ್ ಗುರುತು, ಥಿನ್ ಸೆಕ್ಷನ್, ಉಳಿದ ಪುಡಿ ಸಮೇತ ಕೊಡಗು ವಿಶ್ವವಿದ್ಯಾಲಯದ ಚಿಕ್ಕ ಅಳುವಾರದ ಕ್ಯಾಂಪಸ್ಸಿನಲ್ಲಿ ಒಂದೆಡೆ ಸಂಗ್ರಹಿಸಿಡಿ. ಥಿನ್ ಸೆಕ್ಷನ್ ನೋಡಿ ಬರೆದ ಟಿಪ್ಪಣಿ ಇಲ್ಲದ ಯಾವ ಸ್ಯಾಂಪಲನ್ನೂ ರಾಸಾಯನಿಕ ವಿಶ್ಲೇಷಣೆಗೆ ಕಳಿಸಬೇಡಿ. ಕೋರೆ ಮಾಲೀಕರೂ ನವೆಂಬರ್‌ನಿಂದ ಮಾರ್ಚ್‌ವರೆಗೆ, ಸ್ಫೋಟವಿಲ್ಲದ ದಿನ ನೋಡಿ, ವಿದ್ಯಾರ್ಥಿಗಳನ್ನು ಒಳಗೆ ಬಿಡಬೇಕು.

– ಭೂವಿಜ್ಞಾನ ಬೋಧಕರು, ಮಡಿಕೇರಿ